ಮೂರು ಎಐಗಳು, ಒಂದು ಅರಿಶಿನದ ಬೊಟ್ಟು

ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದೆ. ಶೇಂಗಾ ಬಾಣಲೆಯಲ್ಲಿದ್ದಾಗ ಬೇರೆ ಕಡೆ ತಿರುಗಬಾರದು, ಒಂದು ನಿಮಿಷ ಮೈಮರೆತರೆ ಪುಡಿ ಕಹಿಯಾಗುತ್ತದೆ. ಗೊತ್ತಿದ್ದೂ ಫೋನು ಎತ್ತಿದೆ, ಯಾಕೆಂದರೆ ಕರೆ ಸೊಸೆಯದು. ಅವಳಿಗೆ ಐದು ತಿಂಗಳು. ದಿನಾ ಬೆಳಿಗ್ಗೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಹಗಲು ಹೊತ್ತಿನಲ್ಲಿ ಅವಳ ಫೋನು ಬಂದರೆ ನಾನು ಮೊದಲು ನಮ್ಮ ಮನೆದೇವತೆ ಗೌರಸಮುದ್ರದ ಅಮ್ಮನನ್ನು ನೆನೆದು ಆಮೇಲೆ ಹಲೋ ಅನ್ನುತ್ತೇನೆ.

"ಅತ್ತೆ, ಗಾಬರಿ ಬೀಳಬ್ಯಾಡ್ರಿ, ಒಳ್ಳೆ ಸುದ್ದಿ ಐತೆ," ಅಂದಳು.

ಅವಳು ಕೆಲಸ ಮಾಡುವುದು ರೇಷ್ಮೆ ಸೀರೆ ವ್ಯಾಪಾರದ ಆಫೀಸಿನಲ್ಲಿ. ಮಗ್ಗದವರಿಂದ ಸೀರೆ ಬರುತ್ತವೆ, ಇವಳು ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸಬೇಕು, ಅವರು ಕೇಳಿದ್ದಕ್ಕೆಲ್ಲ ಉತ್ತರ ಬರೆಯಬೇಕು. ದಿನಕ್ಕೆ ನೂರು ಮೆಸೇಜು ಬರುತ್ತವೆ, ಅರ್ಧ ಕನ್ನಡ, ಅರ್ಧ ತೆಲುಗು. ಡಾಕ್ಟರು ಬಸ್ಸಿನ ಕುಲುಕಾಟ ಬೇಡ ಅಂದ ಮೇಲೆ ಕೆಲಸ ಬಿಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆಫೀಸಿನ ಯಜಮಾನರು ಕೆಟ್ಟವರಲ್ಲ, ಆದರೆ ಅಲ್ಲಿ ಕೂತು ಉತ್ತರ ಬರೆಯುವವರು ಒಬ್ಬರು ಬೇಕೇ ಬೇಕು.

ಆವತ್ತು ಶನಿವಾರ, ಬೆಳಿಗ್ಗೆ ಅವರು ಹೊಸ ಮಾತು ಹೇಳಿದ್ದರು. ಬರೆದು ಕೇಳಿದರೆ ಬರೆದೇ ಉತ್ತರ ಕೊಡುವ ಎಐ ಈಗ ಎಲ್ಲರ ಫೋನಿಗೂ ಬಂದಿದೆಯಲ್ಲ, ಅಂಥದೊಂದನ್ನು ಆಫೀಸಿಗೆ ತೆಗೆದುಕೊಳ್ಳೋಣ ಅಂತ. ಮೂರು ಕಂಪನಿಯವು ಅವರ ಕಣ್ಣಿಗೆ ಬಿದ್ದಿದ್ದವು. ಅದರಲ್ಲಿ ಯಾವುದು ಅಂತ ಸೊಸೆ ಸೋಮವಾರದೊಳಗೆ ಹೇಳಬೇಕು. ಅವಳು ಆರಿಸಿದ್ದು ನಂಬುವಂತಿದ್ದರೆ ಅದು ಉತ್ತರದ ಕರಡು ಬರೆಯಲಿ, ಇವಳು ಮನೆಯಲ್ಲೇ ಕೂತು ತಿದ್ದಿ ಕಳಿಸಲಿ, ಹೆರಿಗೆಯಾಗಿ ಬರುವವರೆಗೂ ಕೆಲಸ ಇವಳದೇ. ನಂಬುವಂತಿಲ್ಲದಿದ್ದರೆ ಬೇರೆಯವರು ಬಂದು ಅವಳ ಕುರ್ಚಿಯಲ್ಲಿ ಕೂರುತ್ತಾರೆ.

ಫೋನು ಇಟ್ಟಾಗ ಶೇಂಗಾ ಕಪ್ಪಾಗಿತ್ತು. ಬೇರೆ ಯಾವತ್ತಾದರೂ ಆಗಿದ್ದರೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಆವತ್ತು ಮಾತ್ರ, ಹೋದದ್ದು ಅರ್ಧ ಸೇರು ಮಾತ್ರ, ಡಬ್ಬಿ ತುಂಬ ಉಳಿದಿದೆಯಲ್ಲ ಅಂತ ಒಂದು ಬೆರಳು ಮಡಚಿದೆ. ದಿನದಲ್ಲಿ ದೇವರು ಕೊಟ್ಟ ಸಣ್ಣಪುಟ್ಟದ್ದನ್ನೆಲ್ಲ ಹೀಗೆ ಬೆರಳಲ್ಲಿ ಎಣಿಸಿ ದೀಪದ ಮುಂದೆ ಒಪ್ಪಿಸುವುದು ನನ್ನ ರೂಢಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸೊಸೆ ಬಂದಳು. ನಾನು ಅಮ್ಮನ ಪಟಕ್ಕೆ ಬಲಕ್ಕೊಂದು ಎಡಕ್ಕೊಂದು ಕಣಗಿಲೆ ಸಿಕ್ಕಿಸಿದ್ದೆ. ತೀರ್ಮಾನ ಕಷ್ಟವಾದಾಗ ನಮ್ಮಲ್ಲಿ ಹೀಗೆ ಹೂವು ಕೇಳುತ್ತಾರೆ. ಬಲದ ಹೂವು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ ಅಂತ.

"ಅತ್ತೆ, ಹೂವು ಎರಡು ಐತೆ, ಎಐ ಮೂರವೆ," ಅಂದಳು ಸೊಸೆ ಚಪ್ಪಲಿ ಬಿಡುತ್ತಾ. "ಮೂರನೇದಕ್ಕೆ ಎಲ್ಲಿ ಇಡ್ತೀರಿ?"

"ನೆತ್ತಿ ಮ್ಯಾಲೆ."

"ಹಂಗಾದ್ರೆ ಅದೇ ಗೆಲ್ಲುತ್ತೆ ಬಿಡ್ರಿ. ನೆತ್ತಿ ಮ್ಯಾಲಿಂದು ಬೀಳೋದು ಸಲೀಸು."

ಆವತ್ತು ಯಾವ ಹೂವೂ ಬೀಳಲಿಲ್ಲ. ನೀವೇ ನೋಡಿಕೊಳ್ಳಿ ಅಂದಳು ಅಮ್ಮ ಅಂತ ತಿಳಿದೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಸೊಸೆ ನಡುಮನೆಯಲ್ಲಿ ಫೋನು ಹಿಡಿದು ಕೂತಳು. ನಾನು ಪಕ್ಕದಲ್ಲಿ ಈಳಿಗೆಮಣೆ ಇಟ್ಟುಕೊಂಡು ಬದನೆಕಾಯಿ ಹೆಚ್ಚುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಹೆಣ್ಣು ನೋಡಲು ಹೋದಷ್ಟು ಸಂಭ್ರಮ. ಯಜಮಾನರು ಹೇಳಿದ್ದು ಮೂರೇ ಮಾತು: ಕನ್ನಡ ತೆಲುಗು ಎರಡೂ ಬರಬೇಕು, ಗಿರಾಕಿಗಳ ಹೆಸರು ವಿಳಾಸ ಹೊರಗೆ ಹೋಗಬಾರದು, ಗೊತ್ತಿಲ್ಲದ್ದನ್ನು ಗೊತ್ತು ಅನ್ನಬಾರದು. ಎರಡನೆಯದನ್ನು ಅವರೇ ಕಂಪನಿಗಳ ಕಾಗದ ಓದಿ ನೋಡಿದ್ದರು. ಉಳಿದೆರಡು ನಮ್ಮ ಪಾಲಿಗೆ. ಸೊಸೆ ನಿಜವಾದ ಮೆಸೇಜುಗಳನ್ನೇ ಹೆಸರು ತೆಗೆದು ಮೂರಕ್ಕೂ ಕೊಟ್ಟು, ಉತ್ತರ ಬಂದಂತೆಲ್ಲ ನನಗೆ ಓದಿ ಹೇಳುತ್ತಿದ್ದಳು.

"ಪೆಳ್ಳಿಗೆ ಚೀರ ಬೇಕು, ಅಂಚು ಕೆಂಪು ಇರಲಿ" ಅಂತ ಗಡಿಯ ಆಚೆಯವರೊಬ್ಬರು ಎರಡು ಭಾಷೆ ಕಲಸಿ ಬರೆದಿದ್ದರು. ಮದುವೆಗೆ ಸೀರೆ ಕೇಳುತ್ತಿದ್ದಾರೆ ಅಂತ ಮೂರಕ್ಕೂ ತಿಳಿಯಿತು. ಮೊದಲನೆಯದರ ಮಾತು ಬೆಲ್ಲದ ಪಾಕ. ಎರಡನೆಯದು ಕೇಳುವ ಮೊದಲೇ ಉತ್ತರ ಇಟ್ಟುಕೊಂಡಂತೆ ಚಕಚಕ. ಮೂರನೆಯದು "ಮಾನ್ಯ ಗ್ರಾಹಕರೇ" ಅಂತ ಶುರು ಮಾಡಿತು.

"ಇದೇನಿದು, ತಾಲೂಕಾಫೀಸಿನ ನೋಟಿಸು," ಅಂದೆ. "ಇದನ್ನ ಬಿಡು."

"ತಡೀರಿ ಅತ್ತೆ, ಇನ್ನೊಂದು ಕೊಡ್ತೀನಿ. ನಿನ್ನೆ ಸಂಜೆ ಬಂದಿದ್ದು ಒಂದು ತಕರಾರು ಐತೆ. ಇದರಾಗೆ ಗೊತ್ತಾಗುತ್ತೆ ಯಾರ ಬಂಡವಾಳ ಏನು ಅಂತ."

ಓದಿದಳು. ದೂರದ ಊರಿನ ತೆಲುಗಿನವರು. ಮಗಳ ಧಾರೆ ಸೀರೆ ತಲುಪಿದೆ, ಆದರೆ ಒಳಮೂಲೆಯಲ್ಲಿ ಬೆರಳ ಗಾತ್ರದ ಹಳದಿ ಕಲೆ. ಹೊಸ ಸೀರೆಗೆ ಕಲೆ ಹೇಗೆ ಬಂತು, ವಾಪಸ್ಸು ತೆಗೆದುಕೊಳ್ಳಿ ಅಂತ. ಜೊತೆಗೆ ಫೋಟೋ.

ನನ್ನ ಕೈಯಲ್ಲಿದ್ದ ಬದನೆಕಾಯಿ ಅಲ್ಲೇ ನಿಂತಿತು.

ಪಾರ್ಸೆಲ್ಲುಗಳನ್ನು ಕೊರಿಯರಿಗೆ ಹಾಕುವುದು ಚಳ್ಳಕೆರೆಯಿಂದ. ಹಾಗಾಗಿ ಸೊಸೆ ವಾರಕ್ಕೆರಡು ಸಲ ಸೀರೆ ಡಬ್ಬಿಗಳನ್ನು ಮನೆಗೆ ತರುತ್ತಾಳೆ. ಧೂಳು ತಾಗದಿರಲಿ ಅಂತ ದೇವರ ಕೋಣೆಯ ಗೂಡಿನಲ್ಲಿ ಇಡುತ್ತೇವೆ, ಬೆಳಿಗ್ಗೆ ಅಂಟು ಪಟ್ಟಿ ಸುತ್ತಿ ಒಯ್ಯುತ್ತಾಳೆ. ಧಾರೆ ಸೀರೆ ಅಂತ ಚೀಟಿ ಇದ್ದ ಡಬ್ಬಿ ಕಂಡರೆ ನಾನು ಪೂಜೆ ಮಾಡುವಾಗ ಮುಚ್ಚಳ ತೆಗೆದು, ಮೂಲೆಗೆ ಒಂದು ಬೊಟ್ಟು ಅರಿಶಿನ ಮುಟ್ಟಿಸಿ, ಯಾರ ಮನೆ ಮಗಳೋ ಚೆನ್ನಾಗಿರಲಿ ಅಂದು ಮುಚ್ಚುತ್ತಿದ್ದೆ. ನಮ್ಮವ್ವ ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ಮೈಗೆ ತಾಗಿಸಲು ಬಿಡುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟಿದ್ದಲ್ಲ, ಹೇಳುವಂಥ ವಿಷಯ ಅಂತಲೇ ಅನ್ನಿಸಿರಲಿಲ್ಲ.

ಮೊದಲನೆಯದರ ಉತ್ತರ ಬಂತು. ಬಹಳ ವಿಷಾದವಾಯಿತು, ಇದು ನೂಲಿಗೆ ಬಣ್ಣ ಹಾಕುವಾಗ ಆದ ದೋಷ, ಸೀರೆ ವಾಪಸ್ಸು ಕಳಿಸಿ ಅಂತ.

"ಬಣ್ಣದ ದೋಷ ಅಂತ ಇದಕ್ಕೆ ಯಾರು ಹೇಳಿದ್ರು?" ಅಂದಳು ಸೊಸೆ. "ಇದನ್ನ ಕಳಿಸಿದ್ರೆ ನೇಯ್ದೋರ ತಲೆಗೆ ಬರುತ್ತೆ."

ಎರಡನೆಯದು ಕಾರಣದ ಗೋಜಿಗೇ ಹೋಗಲಿಲ್ಲ. ಸೋಪಿನ ನೀರಿನಲ್ಲಿ ಮೂಲೆ ಅದ್ದಿ ಮೆಲ್ಲಗೆ ಉಜ್ಜಿ, ಹೋಗುತ್ತದೆ ಅಂದಿತು.

"ಸೋಪು ಬ್ಯಾಡ," ಅಂದುಬಿಟ್ಟೆ. "ಕೆಂಪಗಾಗುತ್ತೆ."

ಸೊಸೆ ತಲೆ ಎತ್ತಿದಳು. "ಯಾವುದು ಅತ್ತೆ ಸೋಪು ಹಾಕಿದ್ರೆ ಕೆಂಪಗಾಗೋದು?"

ನಾನು ಬದನೆಕಾಯಿಯ ತೊಟ್ಟು ತೆಗೆಯುತ್ತಾ ಕೂತೆ. ಅವಳು ಅದೇ ತಕರಾರನ್ನು ಮೂರನೆಯದಕ್ಕೆ ಕೊಟ್ಟಳು. ಅದರ ಉತ್ತರ ಓದುತ್ತಾ ಓದುತ್ತಾ ಅವಳ ದನಿ ಸಣ್ಣಗಾಯಿತು. ಚಿತ್ರ ನೋಡಿ ಕಲೆ ಯಾವುದರದ್ದು ಅಂತ ಖಚಿತವಾಗಿ ಹೇಳಲಾರೆ. ಒಂದೇ ಮೂಲೆಯಲ್ಲಿ ಬೆರಳಚ್ಚಿನಂತಿದೆ. ಶುಭಕ್ಕೆಂದು ಯಾರಾದರೂ ಅರಿಶಿನ ಹಚ್ಚಿರಬಹುದೇ? ಕಳಿಸುವ ಮುಂಚೆ ಸೀರೆ ಯಾರ ಯಾರ ಕೈಯಲ್ಲಿತ್ತು, ದಯವಿಟ್ಟು ವಿಚಾರಿಸಿ. ಗೊತ್ತಾಗುವವರೆಗೆ ಗಿರಾಕಿಗೆ ಯಾವ ಕಾರಣವನ್ನೂ ಹೇಳಬೇಡಿ ಅಂತ ಬರೆದಿತ್ತು.

ಸೊಸೆ ದೇವರ ಕೋಣೆಯ ಕಡೆ ನೋಡಿದಳು. ನನ್ನ ಕಡೆ ನೋಡಿದಳು.

"ಅತ್ತೆ."

"ಹೂಂ."

"ಎಷ್ಟು ಸೀರೆಗೆ?"

"ಧಾರೆ ಸೀರೆಗೆ ಮಾತ್ರ ಕಣವ್ವ."

"ಯಾವಾಗಿಂದ?"

"ನೀನು ಮನೆಗೆ ತರಾಕೆ ಶುರು ಮಾಡಿದಾಗಿಂದ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ದಿನ ಸೀರೆ ಹೋದದ್ದೆಲ್ಲ ಬಳ್ಳಾರಿ, ಅನಂತಪುರದ ಕಡೆಗೆ. ಅವರಿಗೆ ಅರಿಶಿನ ಕಂಡರೆ ಸಂತೋಷ, ತಕರಾರು ಎಲ್ಲಿಂದ ಬರಬೇಕು. ನಗು ನಿಂತ ಮೇಲೆ ಅವಳ ಮುಖ ಇಳಿಯಿತು. ಮನೆಯಲ್ಲಿ ಇಟ್ಟ ಸೀರೆಗೆ ಮನೆಯವರೇ ಕೈ ಹಾಕಿದ್ದಾರೆ ಅಂತ ತಿಳಿದರೆ ಯಜಮಾನರು ಕೆಲಸವನ್ನು ಮನೆಗೆ ಹೇಗೆ ಬಿಟ್ಟಾರು? ಅವಳು ಮೊದಲನೆಯದರ ಉತ್ತರವನ್ನು ಮತ್ತೆ ತೆಗೆದು ಸುಮ್ಮನೆ ನೋಡುತ್ತಿದ್ದಳು. ಅದನ್ನು ಕಳಿಸಿದರೆ ನಮ್ಮ ಹೆಸರು ಎಲ್ಲೂ ಬರುವುದಿಲ್ಲ. ಅದು ನನಗೂ ಹೊಳೆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಸೀರೆ ನೇಯ್ದ ಮನೆಯಲ್ಲೂ ಒಬ್ಬಳು ಹೆಂಗಸು ಸಂಜೆ ದೀಪ ಹಚ್ಚುತ್ತಾಳೆ. ಮಾಡದ ತಪ್ಪನ್ನು ಅವಳ ಮನೆಗೆ ಕಳಿಸಿ ನಾನು ಯಾವ ಮುಖದಲ್ಲಿ ಬೆರಳು ಮಡಚಲಿ?

"ಯಜಮಾನರಿಗೆ ಫೋನು ಹಚ್ಚು," ಅಂದೆ. "ನಾನೇ ಹೇಳ್ತೀನಿ."

ಹೇಳಿದೆ. ತಪ್ಪಾಯಿತು, ಹುಡುಗಿಗೆ ಏನೂ ಗೊತ್ತಿಲ್ಲ, ಕೈ ನನ್ನದು ಅಂದೆ.

"ತಾಯಿ, ನಾನು ನಿನ್ನೆ ಸಂಜೆಯಿಂದ ಬಣ್ಣದೋರ ಜೊತೆ ಜಗಳಾಡ್ತಾ ಇದೀನಿ," ಅಂದರು. "ಹೋಗಲಿ. ಇದನ್ನ ಹಿಡಿದಿದ್ದು ಯಾವ ಎಐ?"

"ಮೂರನೇದು ಸರ್," ಅಂದಳು ಸೊಸೆ ಫೋನಿಗೆ ಬಗ್ಗಿ. "ಹಿಡೀಲಿಲ್ಲ, ಕೇಳ್ತು ಅಷ್ಟೇ. ಉಳಿದವು ಎರಡೂ ಕೇಳಲಿಲ್ಲ. ಕನ್ನಡ ಒಂಚೂರು ಬಿರುಸು ಐತೆ, ಅದನ್ನ ನಾನು ತಿದ್ಕೊಂತೀನಿ."

"ಗಿರಾಕಿಗೆ ಇದ್ದದ್ದು ಇದ್ದಂಗೆ ಬರೀರಿ. ಅವರು ಏನಂತಾರೆ ನೋಡಿ ನಾಳೆ ಹೇಳ್ತೀನಿ."

ಸೊಸೆ ಬರೆದಳು. ಮೂರನೆಯದು ತೆಲುಗಿನಲ್ಲಿ ಕರಡು ಕೊಟ್ಟಿತು. ಮೊದಲ ಸಾಲಿನಲ್ಲಿ ನನ್ನನ್ನು ಆಫೀಸಿನ ನೌಕರಳು ಅಂತ ಮಾಡಿಬಿಟ್ಟಿತ್ತು. ನೌಕರಳಲ್ಲ, ಅತ್ತೆ ಅಂತ ಇವಳು ಹೇಳಿದ್ದಕ್ಕೆ, ಹೌದು ತಪ್ಪಾಗಿ ತಿಳಿದೆ ಅಂತ ತಿದ್ದಿಕೊಂಡಿತು. ತಪ್ಪು ಒಪ್ಪಿಕೊಳ್ಳಲು ಅದಕ್ಕೆ ನನ್ನಷ್ಟು ಹೊತ್ತು ಹಿಡಿಯಲಿಲ್ಲ.

ಸೋಮವಾರ ಸೊಸೆ ಬಸ್ಸು ಹತ್ತಿದಳು. ಕಿಟಕಿ ಪಕ್ಕದ ಸೀಟು ಸಿಕ್ಕಿತು ಅಂತ ಮೆಸೇಜು ಹಾಕಿದ್ದಳು, ಅದಕ್ಕೊಂದು ಬೆರಳು ಮಡಚಿದೆ. ಮಧ್ಯಾಹ್ನದವರೆಗೆ ಬೇರೇನೂ ಇಲ್ಲ. ಆಮೇಲೆ ಫೋನು ಬಂತು.

"ಅತ್ತೆ, ಆ ಸೀರೆಯೋರು ಬರೆದವ್ರೆ. ಮನೇಲಿ ಅಜ್ಜಿ ಇದಾರಂತೆ, ವಿಷಯ ಕೇಳಿ ಸೀರೆ ಕಣ್ಣಿಗೊತ್ಕೊಂಡ್ರಂತೆ, ವಾಪಸ್ಸಿನ ಮಾತೇ ಇಲ್ಲ. ಆದ್ರೆ ಒಂದು ಕೇಳ್ತಾರೆ."

"ಏನು?"

"ಹಚ್ಚಿದೋರು ಮುತ್ತೈದೆನಾ ಅಂತ."

"ಹೌದು ಅಂತ ಬರಿ. ನಿಮ್ಮ ಮಾವ ಜಗಲಿ ಮೇಲೆ ಕೂತು ಪೇಪರ್ ಓದ್ತಾ ಅದಾರೆ, ಈಗ ತಾನೇ ಎರಡನೇ ಸಲ ಟೀ ಕೇಳಿದ್ರು ಅಂತನೂ ಬರಿ."

ಸಂಜೆ ಅವಳು ಆಫೀಸಿನ ಲ್ಯಾಪ್‌ಟಾಪು ಹೊತ್ತು ಬಂದಳು. ಯಜಮಾನರು ಮೂರನೆಯದನ್ನೇ ಆಫೀಸಿಗೆ ಗೊತ್ತು ಮಾಡಿದ್ದರು. ಮಂಗಳವಾರದಿಂದ ಕೆಲಸ ನಡುಮನೆಯಲ್ಲೇ. ನನಗೂ ಒಂದು ಅಪ್ಪಣೆ ಬಂದಿತ್ತು: ಸೀರೆಗೆ ಬೊಟ್ಟು ಬೇಡ, ಕಾಗದದಲ್ಲಿ ಚಿಟಿಕೆ ಅರಿಶಿನ ಕಟ್ಟಿ ಡಬ್ಬಿಯೊಳಗಿಡಿ, ಅವರವರ ಮನೆಯಲ್ಲಿ ಅವರೇ ಹಚ್ಚಿಕೊಳ್ಳಲಿ. ಅದೂ ಸರಿಯೇ.

ದೀಪದ ಮುಂದೆ ಎಣಿಸುತ್ತಾ ಹೋದೆ, ಬೆರಳು ಸಾಲಲಿಲ್ಲ, ಗೆಣ್ಣು ಹಿಡಿದು ಎಣಿಸಿದೆ. ಲ್ಯಾಪ್‌ಟಾಪನ್ನು ಗೂಡಿನಲ್ಲಿಟ್ಟು ಅರಿಶಿನದ ಬಟ್ಟಲಿಗೆ ಕೈ ಹಾಕಿದ್ದೆ, ಹಿಂದಿನಿಂದ ದನಿ ಬಂತು.

"ಅತ್ತೆ, ಅದಕ್ಕೆ ಬ್ಯಾಡ."

"ಕೇಳೇ ಹಚ್ತಿದ್ದೆ ಕಣವ್ವ," ಅಂದೆ.

"ಕುಂಕುಮ ಇಡ್ರಿ, ಮುಚ್ಚಳದ ಮ್ಯಾಲೆ, ಚಿಕ್ಕದು," ಅಂದಳು.

ಚಿಕ್ಕದೇ ಇಟ್ಟೆ. ಒಲೆಯ ಮೇಲೆ ಸಾರು ಉಕ್ಕುವ ಸದ್ದು ಕೇಳಿಸಿತು. ಹೋಗಿ ಉರಿ ಸಣ್ಣ ಮಾಡಿ, ಪಕ್ಕದ ಒಲೆಯಲ್ಲಿ ಮುದ್ದೆಗೆ ಎಸರಿಟ್ಟೆ.