ತೋಟಾಗಳಿಗೆ ಹಚ್ಚಿದ ವಿಭೂತಿ

ನಮ್ಮ ಮನೆಯವರು ಬಂದೂಕು ಹಿಡಿಯುತ್ತಿದ್ದರು ಎಂದರೆ ಮೊಮ್ಮಕ್ಕಳು ನಂಬುವುದಿಲ್ಲ. ಬೇಟೆಗಾರರೇನಲ್ಲ, ತುಕ್ಕಾನಟ್ಟಿಯ ಸಾದಾ ಒಕ್ಕಲುತನದವರು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಕಬ್ಬಿಗೆ ಕಾಡುಹಂದಿಗಳು ಬೀಳುತ್ತಿದ್ದವು. ಬೆಳೆ ಕಾಯಲೆಂದು ಲೈಸನ್ಸ್ ಪಡೆದು ಒಂಟಿ ನಳಿಗೆಯ ಬಂದೂಕು ಇಟ್ಟಿದ್ದರು. ಒಮ್ಮೆ ಹಾರಿಸಿದರೆ ನಳಿಗೆ ಬಗ್ಗಿಸಿ ಮತ್ತೊಂದು ತೋಟಾ ತುಂಬಬೇಕು. ತೋಟಾಗಳೋ ಅಂಗಿಯ ಕಿಸೆಯಲ್ಲಿ, ತಂಬಾಕಿನ ಚೀಲದ ಜೊತೆ.

"ನೀ ತೋಟಾ ಹುಡುಕೂದ್ರಾಗ ಹಂದಿ ಮೂಡಲಗಿ ಸಂತಿ ಮಾಡ್ಕೊಂಡ ಬರ್ತೈತಿ ತಮ್ಮಾ," ಎಂದು ಅವರ ಅಣ್ಣ, ಅಂದರೆ ನಮ್ಮ ಭಾವ, ಚೇಷ್ಟೆ ಮಾಡುತ್ತಿದ್ದರು.

ಈ ಮಾತು ಕೇಳಿ ನಮ್ಮಪ್ಪ ಹುಕ್ಕೇರಿಯಲ್ಲಿ ಒಂದು ತೊಗಲಿನ ಪಟ್ಟಾ ಹೊಲಿಸಿ ಕಳಿಸಿದ. ಸೊಂಟಕ್ಕೆ ಕಟ್ಟುವಂಥದು, ಸಾಲಾಗಿ ಹನ್ನೆರಡು ಕುಣಿಕೆ, ಕುಣಿಕೆಗೊಂದು ತೋಟಾ. ಅದು ಬಂದ ಮೇಲೆ ಇವರ ಬಿಂಕ ನೋಡಬೇಕಿತ್ತು. ಅಂಗಳದಲ್ಲಿ ಖಾಲಿ ತೋಟಾ ಇಟ್ಟುಕೊಂಡು ತೆಗೆಯುವುದು, ತುಂಬುವುದು, ತೆಗೆಯುವುದು, ತುಂಬುವುದು. "ನೀ ಎಲಿ ಮಡಚಿ ಬಾಯಾಗ ಇಟ್ಕೊಳ್ಳೂದ್ರಾಗ ನಂದು ಎರಡನೇದು ತಯಾರ್ ನೋಡ," ಎಂದು ನನಗೆ ಹೇಳುತ್ತಿದ್ದರು. ಖರೆ ಹೇಳಬೇಕೆಂದರೆ ಆ ಕೈಗಳ ಚುರುಕು ನೋಡಿ ನನಗೂ ಹೆಮ್ಮೆಯಾಗುತ್ತಿತ್ತು. ಒಂದೇ ಮಾತು ಎಚ್ಚರಿಸಿ ಹೇಳಿದ್ದರು. ಆಗಿನ ತೋಟಾಗಳ ಬುಡ ಹಿತ್ತಾಳೆಯದಾದರೂ ಮೈ ದಪ್ಪ ಕಾಗದದ್ದು. "ಇದಕ್ಕ ನೀರ ತಾಗಿಸಬ್ಯಾಡ."

ಆ ವರ್ಷ ದಸರೆಯ ಖಂಡೆ ಪೂಜೆಗೆ ಕುಡಗೋಲು, ಕೊಡಲಿ, ಕುಂಟೆ ಎಲ್ಲ ತೊಳೆದು ಸಾಲಾಗಿಟ್ಟೆವು. ಇವರು ಬಂದೂಕಿಗೆ ಕುಂಕುಮ ಹಚ್ಚಿ, ಪಟ್ಟಾವನ್ನು ಮಾತ್ರ ಗೂಟಕ್ಕೇ ಬಿಟ್ಟು ಹೊಲಕ್ಕೆ ಹೋದರು. ನನಗೆ ತಡೆಯಲಿಲ್ಲ. ಕೊಟ್ಟಿಗೆಯ ಹಗ್ಗಕ್ಕೂ ಪೂಜೆಯುಂಟು, ನಮ್ಮಪ್ಪ ಕೊಟ್ಟದ್ದಕ್ಕಿಲ್ಲವೇ ಎಂಬ ಸಿಟ್ಟು. ಬೆವರು ನಾರುತ್ತಿದ್ದ ಪಟ್ಟಾವನ್ನು ಒದ್ದೆ ಅರಿವೆಯಿಂದ ಗಸಗಸ ತಿಕ್ಕಿದೆ. ವಿಭೂತಿಯನ್ನು ನೀರಲ್ಲಿ ಕಲಸಿ ಒಂದೊಂದು ತೋಟಾಗೂ ಮೂರು ಬೆರಳು ಎಳೆದೆ. ಎಂಥ ಜಾಣೆ ನಾನು! ಅವರು ಹೊಲದಿಂದ ಬಂದು ಬೈದಾರೆಂದು ಹೆದರಿ, ಸೆರಗಿನಿಂದ ಎಲ್ಲ ಒರೆಸಿ ಮತ್ತೆ ಗೂಟಕ್ಕೆ ಹಾಕಿದೆ.

ಬನ್ನಿ ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಕಬ್ಬಿನಲ್ಲಿ ಹಂದಿ ಹೊಕ್ಕಿದೆಯೆಂದು ಅಣ್ಣ ತಮ್ಮ ಇಬ್ಬರೂ ಹೋದರು. ಭಾವ ಹಂದಿ ಎಬ್ಬಿಸಲು ಕಬ್ಬಿನೊಳಗಿನಿಂದ ಕೂಗು ಹಾಕುತ್ತ ಬಂದರು, ಇವರು ಬದುವಿನ ಮೇಲೆ ನಿಂತರು. ಮೊದಲ ತೋಟಾ ಮನೆಯಲ್ಲೇ ಡಬ್ಬಿಯಿಂದ ತೆಗೆದು ತುಂಬಿದ್ದು, ಸರಿಯಾಗಿಯೇ ಹಾರಿತು, ಆದರೆ ಹಂದಿ ಬೀಳಲಿಲ್ಲ. ಗಾಯಗೊಂಡದ್ದು ತಿರುಗಿ ಭಾವನ ಮೇಲೆ ಹೋಯಿತು. ಇವರು ಪಟ್ಟಾದಿಂದ ಒಂದನ್ನು ಕಿತ್ತು ನಳಿಗೆಗಿಟ್ಟರೆ ಅರ್ಧಕ್ಕೆ ನಿಂತಿತು. ಇನ್ನೊಂದೂ ನಿಂತಿತು. ಕೊನೆಗೆ ಬಂದೂಕನ್ನೇ ದೊಣ್ಣೆಯಂತೆ ಹಿಡಿದು ಓಡಿದರು. ಅಷ್ಟರಲ್ಲಿ ಭಾವನ ತೊಡೆ ಹರಿದಿತ್ತು. ಗೋಕಾಕದ ದವಾಖಾನೆಗೆ ಚಕ್ಕಡಿಯಲ್ಲಿ ಸಾಗಿಸುವಾಗ ಅರಭಾವಿ ದಾಟುವುದರೊಳಗೆ ಜೀವ ಹೋಯಿತು.

ಮಣ್ಣು ಕೊಟ್ಟು ಬಂದ ಮೇಲೆ ಭಾವನ ಹೆಂಡತಿ, ನನ್ನ ನೆಗೆಣ್ಣಿ, ಎಲ್ಲರ ಎದುರು ಇವರನ್ನು ಕೇಳಿದಳು: "ನಡಾ ತುಂಬ ತೋಟಾ ಕಟ್ಕೊಂಡ ನಿಂತಿದ್ದಿ. ಯಾಕ ಹೊಡೀಲಿಲ್ಲ?"

ಇವರು ತಲೆ ಎತ್ತಲಿಲ್ಲ. "ಅಂಜಿಕಿ ಬಂತ್ರಿ ವೈನಿ. ಕೈ ನಡುಗಿದ್ವು."

ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನೀರು ಕುಡಿದು ತೋಟಾಗಳ ಕಾಗದ ಉಬ್ಬಿತ್ತೆಂದು ನನ್ನೊಬ್ಬಳಿಗೇ ಗೊತ್ತು ಅಂದುಕೊಂಡೆ. ಬಾಯಿಗೆ ಬಂದ ಮಾತನ್ನು ನುಂಗಿದೆ. ನುಂಗಿದ್ದೇ ಸುಖ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಇವರು ಬಂದೂಕನ್ನು ಠಾಣೆಗೆ ಒಪ್ಪಿಸಿಬಿಟ್ಟರು. ಆಮೇಲೆ ಊರಲ್ಲಿ ಅವರಿಗೆ ಅಂಜುಬುರುಕ ಎಂಬ ಹೆಸರಾಯಿತು. ಕಟ್ಟೆಗೆ ಹೋದರೆ ಮಾತು ನಿಲ್ಲುತ್ತಿತ್ತು, ಹೋಗುವುದನ್ನೇ ಬಿಟ್ಟರು. ನೆಗೆಣ್ಣಿ ನಡುಮನೆಗೆ ಗೋಡೆ ಹಾಕಿಸಿದಳು, ಇವರ ಕಡೆ ಮುಖ ತಿರುಗಿಸಲಿಲ್ಲ. ಅಣ್ಣನ ಹೊಲವನ್ನೂ ಇವರೇ ಉತ್ತು ಬಿತ್ತಿ, ರಾಶಿಯನ್ನು ಅವಳ ಅಂಗಳಕ್ಕೆ ಇಳಿಸಿ ಸುಮ್ಮನೆ ಬರುತ್ತಿದ್ದರು.

ಏಳೆಂಟು ವರ್ಷ ಕಳೆದವು. ಒಂದು ಮಧ್ಯಾಹ್ನ ಇಬ್ಬರೂ ಶೇಂಗಾ ಸುಲಿಯುತ್ತ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. ಅತ್ತುಕೊಂಡೇ ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಅವತ್ತ ಗೊತ್ತಾತು," ಎಂದರು. "ತೋಟಾದ ಬುಡದಾಗ ವಿಭೂತಿ ಸಿಕ್ಕೊಂಡಿತ್ತು."

"ಮತ್ತ ಯಾಕ ಹೇಳಲಿಲ್ರಿ?"

"ನಾ ಹೇಳಿದ್ರ ನಿನ್ನ ಊರಾಗ ಬಾಳಗೊಡತಿದ್ರೇನು? ನೀನಾಗೇ ಒಂದ ದಿನ ವೈನಿ ಮುಂದ ಹೇಳ್ತಿ ಅಂತ ದಾರಿ ನೋಡಿದೆ."

ಗೋಡೆಯಾಚೆ ನೆಗೆಣ್ಣಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತಿತ್ತು. ಇವರು ನನ್ನ ಮುಖವನ್ನೇ ನೋಡಿದರು. ನಾನು ಏಳಲಿಲ್ಲ. ಇವರು ತೀರಿಕೊಂಡ ದಿನವೂ ಅವಳು ಬಂದು ಬಾಗಿಲಲ್ಲೇ ನಿಂತಿದ್ದಳು, ಆಗಲೂ ಹೇಳಲಿಲ್ಲ. ಈಗ ಇಷ್ಟೆಲ್ಲ ಬರೆದಿದ್ದೇನೆ. ಅವಳಿಗೆ ಓದು ಬರುವುದಿಲ್ಲ.