ಟ್ರಂಕಿನ ತಳದಲ್ಲಿದ್ದ ಸುದ್ದಿ

ಆ ಮಧ್ಯಾಹ್ನ ಬಸ್ಸಿನಲ್ಲಿದ್ದವರು ಇಷ್ಟು ಜನ: ಭದ್ರಾವತಿಯ ಶಾಲೆಯಲ್ಲಿ ಪಾಠ ಮುಗಿಸಿ ಶಿವಮೊಗ್ಗದ ಮನೆಗೆ ಹೊರಟಿದ್ದ ನಾನು, ಕಬ್ಬಿಣದ ಕಾರ್ಖಾನೆಯ ಪಾಳಿ ಮುಗಿಸಿ ಕೂತಲ್ಲೇ ತೂಕಡಿಸುತ್ತಿದ್ದ ನಾಲ್ವರು ಕೆಲಸಗಾರರು, ವೀಳ್ಯದೆಲೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಆಗಾಗ ನೀರು ಚಿಮುಕಿಸುತ್ತಿದ್ದ ಒಬ್ಬ ವ್ಯಾಪಾರಿ, ಕಂಡಕ್ಟರ್, ಡ್ರೈವರ್ ಗೌಸ್ ಸಾಬರು, ಅವರ ಬೆನ್ನ ಹಿಂದಿನ ಸೀಟಿನಲ್ಲಿ ದಿನ ತುಂಬಿದ ಅವರ ಹೆಂಡತಿ ಬೀಬಿಜಾನ್, ಮತ್ತು ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಕುಂಸಿಗೆ ಹೋಗಬೇಕಾಗಿದ್ದ ಹಾಲಮ್ಮ. ಹಾಲಮ್ಮನವರ ಕಾಲ ಬಳಿ ಒಂದು ಕುಂಬಳಕಾಯಿಯೂ ಇತ್ತು.

ಕುಂಬಳಕಾಯಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇಕೆಂದು ನೀವು ಕೇಳಬಹುದು. ಅದು ನಮ್ಮ ಅಜ್ಜಿಯ ಕಟ್ಟಪ್ಪಣೆ. ನನಗೆ ಅಕ್ಷರ ಕಲಿಸಿದ್ದು ಶಾಲೆ. ಮಾತು ಕಲಿಸಿದ್ದು ಅಜ್ಜಿ, ಅವರ ಅಕ್ಕ, ಮತ್ತು ಅವರಿಬ್ಬರ ಜಗಳ ಬಿಡಿಸಲು ಬರುತ್ತಿದ್ದ ಪಕ್ಕದ ಮನೆಯ ಇನ್ನೊಬ್ಬ ಅಜ್ಜಿ. ನಾನು ಬೀದಿಯಿಂದ ಓಡಿಬಂದು ಏನಾದರೂ ವರದಿ ಒಪ್ಪಿಸಹೊರಟರೆ ಅಜ್ಜಿ ಕೈಯೆತ್ತಿ ತಡೆಯುತ್ತಿದ್ದರು. "ತಡಿ. ಮೊದ್ಲು ಅಲ್ಲಿ ಯಾರ್ಯಾರಿದ್ರು ಹೇಳು. ಒಬ್ರನ್ನೂ ಬಿಡ್ಬೇಡ. ಆಮೇಲೆ ಏನಾಯ್ತು ಅಂತ ಹೇಳೀಯಂತೆ." ಜನರನ್ನು ಬಿಟ್ಟು ಬರೀ ಸಂಗತಿಯನ್ನು ಹೇಳುವುದು ಅವರ ದೃಷ್ಟಿಯಲ್ಲಿ ಎಲೆ ಹಾಕದೆ ಅನ್ನ ಬಡಿಸಿದಂತೆ. ಇಂಥ ಗುರುಗಳ ಕೈಯಲ್ಲಿ ಬೆಳೆದವನು ನಾನು. ಹಾಗಿದ್ದೂ ಒಂದೇ ಒಂದು ಸಲ, ಅದೂ ನನ್ನ ಮಾತು ಮೊಟ್ಟಮೊದಲು ಅಚ್ಚಾದ ಸಲವೇ, ಒಬ್ಬರನ್ನು ಬಿಟ್ಟುಬಿಟ್ಟೆ.

ಐವತ್ತರ ದಶಕದ ಮೊದಲ ವರ್ಷಗಳ ಮಾತು. ಬಸ್ಸು ಅರ್ಧ ದಾರಿ ಬಂದಿರಬೇಕು, ಬೀಬಿಜಾನ್ ಒಮ್ಮೆ ಕೂಗಿದರು. ಗೌಸ್ ಸಾಬರು ಗಾಡಿ ನಿಲ್ಲಿಸಿದರು. ಆಮೇಲೆ ಮುಂದಕ್ಕೆ ಬಿಡುವುದೋ ಹಿಂದಕ್ಕೆ ತಿರುಗಿಸುವುದೋ ತಿಳಿಯದೆ ಸ್ಟಿಯರಿಂಗನ್ನು ಸುಮ್ಮನೆ ಹಿಡಿದುಕೊಂಡು ಕೂತರು. ಎದ್ದು ನಿಂತವರು ಹಾಲಮ್ಮ. "ಗಂಡಸರೆಲ್ಲ ಇಳೀರಿ ಕೆಳಗೆ! ಏನ್ ಸಾಬರೇ, ನೀವೂ ಇಳೀರಿ. ಗಾಡಿ ಓಡ್ಸೋ ಕೆಲ್ಸ ಮುಗೀತು, ಇನ್ನು ನನ್ನ ಕೆಲ್ಸ." ಎಲ್ಲರೂ ಇಳಿದೆವು. ಏನಾದರೂ ಸಹಾಯ ಬೇಕೇ ಎಂದು ನಾನು ಕಿಟಕಿಯ ಕಡೆ ತಿರುಗಿದೆ. "ಬೇಕು ಮಾರಾಯ್ರೆ. ಆ ಹುಣಸೆಮರ ಕಾಣ್ತದಲ್ಲ, ಅದನ್ನೇ ನೋಡ್ತಾ ನಿಂತ್ಕಳಿ."

ನಾನು ಹುಣಸೆಮರವನ್ನು ನೋಡಿದೆ. ಅಷ್ಟು ಶ್ರದ್ಧೆಯಿಂದ ಇನ್ನಾವ ಮರವನ್ನೂ ನೋಡಿಲ್ಲ. ಸ್ವಲ್ಪ ಹೊತ್ತಿಗೆ ಬಸ್ಸಿನೊಳಗಿಂದ ಮಗುವಿನ ಅಳು ಕೇಳಿತು. ಗೌಸ್ ಸಾಬರು ರಸ್ತೆಯ ಮೇಲೇ ಕೂತುಬಿಟ್ಟರು. ವೀಳ್ಯದೆಲೆಯ ವ್ಯಾಪಾರಿ ಎಲ್ಲರಿಗೂ ಎರಡೆರಡು ಎಲೆ ಹಂಚಿದ. ಮಗುವಿಗೆ ಮೆಹರುನ್ನೀಸಾ ಎಂದು ಹೆಸರಿಟ್ಟರು.

ಆಗ ಶಿವಮೊಗ್ಗದಲ್ಲಿ ಪುಟ್ಟಯ್ಯನವರು ನಾಲ್ಕು ಪುಟದ ಒಂದು ಪತ್ರಿಕೆ ನಡೆಸುತ್ತಿದ್ದರು. ಸಂಪಾದಕರೂ ಅವರೇ, ಅಚ್ಚಿನ ಮೊಳೆ ಜೋಡಿಸುವವರೂ ಅವರೇ, ಸುದ್ದಿ ತಪ್ಪಾದರೆ ಬೈಸಿಕೊಳ್ಳುವವರೂ ಅವರೇ. ಆ ಸಂಜೆಯೇ ಕೂತು ಎರಡು ಹಾಳೆ ಬರೆದು ಅವರ ಕೈಗೆ ಕೊಟ್ಟೆ. ಮೊದಲ ಹಾಳೆಯ ತುಂಬ ಪ್ರಕೃತಿವರ್ಣನೆ. ಹುಣಸೆಮರಕ್ಕೇ ಒಂದು ಪ್ಯಾರಾ. ಪುಟ್ಟಯ್ಯನವರು ಓದಿ, "ಮರಾನ ಇನ್ನೊಂದು ದಿನ ಹಾಕೋಣ, ಮಾರಾಯ" ಎಂದು ಆರು ಸಾಲು ಉಳಿಸಿಕೊಂಡರು. ಡ್ರೈವರ್ ಗೌಸ್ ಸಾಬರ ಪತ್ನಿ ಬಸ್ಸಿನಲ್ಲಿ ಹೆಣ್ಣುಮಗುವಿಗೆ ಜನ್ಮವಿತ್ತರು, ತಾಯಿ ಮಗು ಕ್ಷೇಮ, ಚಾಲಕರ ಜಾಗರೂಕತೆ ಮೆಚ್ಚತಕ್ಕದ್ದು, 'ಸಹಪ್ರಯಾಣಿಕರಾದ ಉಪಾಧ್ಯಾಯರೊಬ್ಬರು ಸಮಯಸ್ಫೂರ್ತಿ ತೋರಿದರು'. ಹಾಲಮ್ಮನ ಹೆಸರು ಆರು ಸಾಲಿನಲ್ಲಿ ಇರಲಿಲ್ಲ. ಪುಟ್ಟಯ್ಯನವರು ಹೊಡೆದುಹಾಕಿದ್ದಲ್ಲ, ನನ್ನ ಎರಡು ಹಾಳೆಯಲ್ಲೂ ಇರಲಿಲ್ಲ. ಆಕೆಯ ಹೆಸರೇನೆಂದು ನಾನು ಆ ದಿನ ಕೇಳಿಯೇ ಇರಲಿಲ್ಲ.

ಗೌಸ್ ಸಾಬರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಸುದ್ದಿ ಬಂದಿದೆಯೆಂದು ತಿಳಿದದ್ದೇ ಹತ್ತು ಪ್ರತಿ ತಂದು ಕಂಡವರಿಗೆಲ್ಲ ಹಂಚಿದರು. ಒಂದನ್ನು ಬಸ್ಸಿನೊಳಗೆ ತಮ್ಮ ಸೀಟಿನ ಮೇಲ್ಗಡೆ ಅಂಟಿಸಿದರು. ಇನ್ನೊಂದನ್ನು, ಮುಂದಿನ ವಾರ ಅದೇ ಬಸ್ಸು ಹತ್ತಿದ ಹಾಲಮ್ಮನಿಗೆ ಕೊಟ್ಟು, "ಅಮ್ಮಾ, ಪೇಪರ್‌ನಲ್ಲಿ ನಿಮ್ದು ಬಂದೈತೆ, ಜೋಪಾನ ಇಟ್ಕೊಳ್ಳಿ" ಎಂದರಂತೆ. ಇದು ನನಗೆ ತಿಳಿದದ್ದು ಹದಿನೇಳು ವರ್ಷಗಳ ಮೇಲೆ.

ಹದಿನೇಳು ವರ್ಷ ಕಳೆದ ಒಂದು ಬೆಳಿಗ್ಗೆ ಗೌಸ್ ಸಾಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮೆಹರು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅವಳಿಗೆ ಟೀಚರ್ ಆಗುವ ಆಸೆ. ತರಬೇತಿಗೆ ಆಯ್ಕೆಯೂ ಆಗಿತ್ತು. ಆದರೆ ಹದಿನಾರು ತುಂಬಿರಬೇಕೆಂಬ ನಿಯಮ ಅಡ್ಡ ಬಂದಿತ್ತು. ಶಾಲೆಯ ದಾಖಲೆಯ ಪ್ರಕಾರ ಅವಳಿಗೆ ಹದಿನೈದು.

ಇದಕ್ಕೆ ಕಾರಣ ಅವಳ ಕೈ. ಆ ಕಾಲದಲ್ಲಿ ಮಗುವಿಗೆ ಆರು ವರ್ಷ ತುಂಬಿತೇ ಎಂದು ನೋಡಲು ನಮ್ಮ ಹೆಡ್‌ಮಾಸ್ಟರುಗಳು ಜನನ ಪತ್ರ ಕೇಳುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಆರು, ಮುಟ್ಟದಿದ್ದರೆ ಮನೆಗೆ. ನಾನೇ ಎಷ್ಟು ಮಕ್ಕಳ ಕಿವಿಯನ್ನು ಹೀಗೆ ಪರೀಕ್ಷಿಸಿದ್ದೇನೋ! ಮೆಹರುವಿನ ಕೈ ಗಿಡ್ಡ, ಕೂದಲು ದಟ್ಟ. ಎರಡು ವರ್ಷ ಬಂದು ಬಂದು ಬರಿಗಿವಿಯಲ್ಲಿ ವಾಪಸಾದಳು. ಮೂರನೆಯ ವರ್ಷ, ಎಂಟು ತುಂಬಿದ ಮೇಲೆ, ಬೆರಳು ಕಿವಿಗೆ ತಾಗಿತು. ಹೆಡ್‌ಮಾಸ್ಟರು ಸಂತೋಷದಿಂದ 'ಆರು' ಎಂದು ಬರೆದುಕೊಂಡರು. ಎಂಟು ವರ್ಷದ ಹುಡುಗಿ ಒಂದನೆಯ ಕ್ಲಾಸಿನಲ್ಲಿ ಕೂತರೆ ಚುರುಕಾಗಿ ಕಾಣದೆ ಇರುತ್ತಾಳೆಯೇ? ಮಧ್ಯದಲ್ಲಿ ಒಂದು ಕ್ಲಾಸನ್ನು ಹಾರಿಸಿದರು. ಹೀಗಾಗಿ ಓದಿನಲ್ಲಿ ಮುಂದೆ, ದಾಖಲೆಯಲ್ಲಿ ಹಿಂದೆ.

"ಜನನದ ರಿಜಿಸ್ಟರ್?" ಎಂದೆ.

"ಎಲ್ಲಿ ಸಾರ್! ಶಿವಮೊಗ್ಗದೋರು 'ನಮ್ಮ ಸರಹದ್ದಲ್ಲ' ಅಂತಾರೆ, ಭದ್ರಾವತಿಯೋರು 'ನಮ್ದೂ ಅಲ್ಲ' ಅಂತಾರೆ. ನನ್ ಮಗಳು ದೇಶದಾಗೆ ಹುಟ್ಟೇ ಇಲ್ಲ" ಎಂದರು ಗೌಸ್ ಸಾಬರು. ವಕೀಲರು ಹಳೆಯದೊಂದು ಲಿಖಿತ ಆಧಾರ ಬೇಕೆಂದಿದ್ದರಂತೆ. ಬಸ್ಸಿನಲ್ಲಿ ಅಂಟಿಸಿದ್ದ ಪ್ರತಿಯೋ, ಬಸ್ಸಿನ ಜೊತೆಗೇ ಗುಜರಿಗೆ ಹೋಗಿತ್ತು. ಹದಿನೈದು ದಿನದೊಳಗೆ ಆಧಾರ ತೋರಿಸದಿದ್ದರೆ ಮೆಹರುವಿನ ಜಾಗ ಇನ್ನೊಬ್ಬರಿಗೆ.

ನಾನು ಜಂಬದಿಂದ ಎದ್ದೆ. "ಪತ್ರಿಕೆ ಇದೆಯಲ್ಲ! ಬರೆದವನೇ ನಾನು. ಆಫೀಸಿನಲ್ಲಿ ಫೈಲ್ ಇರುತ್ತದೆ, ನಡೀರಿ."

ಫೈಲ್ ಇತ್ತು. ಅದು ಗೋಡೆಗೆ ಹೊಡೆದ ಒಂದು ಉದ್ದನೆಯ ಮೊಳೆ. ದಿನಕ್ಕೊಂದು ಪ್ರತಿಯನ್ನು ಪುಟ್ಟಯ್ಯನವರು ಅದಕ್ಕೆ ಚುಚ್ಚುತ್ತಿದ್ದರು; ಮೊಳೆ ತುಂಬಿದಾಗ ಗೋಣಿದಾರದಲ್ಲಿ ಹೊಲಿದು ಅಟ್ಟಕ್ಕೇರಿಸುತ್ತಿದ್ದರು. ಆದರೆ ಯಾರಾದರೂ ಬಂದು, "ನಮ್ಮ ಹುಡುಗನ ಹೆಸರು ಬಂದಿತ್ತಂತೆ, ಒಂದು ಪ್ರತಿ ಸಿಗುತ್ತಾ?" ಎಂದರೆ ಅಟ್ಟ ಹತ್ತಿ ಆ ಪ್ರತಿಯನ್ನೇ ಕಿತ್ತು ಕೊಡುತ್ತಿದ್ದರು. "ಓದೋರಿಗೆ ಬೇಕು, ಮೊಳೆಗೇನು?" ಎಂಬುದು ಅವರ ವಾದ. ಗೌಸ್ ಸಾಬರು, ಮೆಹರು, ನಾನು ಮೂವರೂ ಅಟ್ಟದ ಕೆಳಗೆ ಕೂತು ಆ ಕಟ್ಟುಗಳನ್ನು ಮಗುಚಿದೆವು. ಯಾರಿಗಾದರೂ ಒಳ್ಳೆಯದಾದ ದಿನಗಳೆಲ್ಲ ಮಾಯವಾಗಿದ್ದವು. ಏನೂ ಆಗದ ದಿನಗಳು ಮಾತ್ರ ಅಚ್ಚುಕಟ್ಟಾಗಿ ಉಳಿದಿದ್ದವು.

ಆದರೆ ಏನೂ ಆಗದ ದಿನಗಳಲ್ಲಿ ಏನೇನಿತ್ತು, ನೋಡಿ! ದುರ್ಗಿಗುಡಿಯ ಮೂಲೆಯ ಬೀದಿದೀಪ ಉರಿಯುತ್ತಿಲ್ಲವೆಂದು ಒಬ್ಬರ ದೂರು. ತಿಂಗಳ ನಂತರ ಅದು ಹಗಲೂ ಉರಿಯುತ್ತಿದೆಯೆಂದು ಅವರದೇ ಇನ್ನೊಂದು ದೂರು. ಗಾಂಧಿ ಬಜಾರಿನಲ್ಲಿ ಒಂದು ಕೊಂಬು ಸೊಟ್ಟಗಿರುವ ಎಮ್ಮೆ ಕಳೆದಿದೆ. ಎಮ್ಮೆ ಸಿಕ್ಕಿದೆ, ಹುಡುಕಿಕೊಟ್ಟ ಮಹಾಶಯರಿಗೆ ವಂದನೆ. ಇವತ್ತು ವಿನೋಬನಗರವೆಂದು ಮನೆ ಮೇಲೆ ಮನೆ ಎದ್ದಿರುವ ಕಡೆ ಮೇಯಲು ಹೋದ ದನಗಳು ಹೊತ್ತಿಗೆ ಸರಿಯಾಗಿ ಹಿಂದಿರುಗುತ್ತಿಲ್ಲ. ಜಟಕಾ ನಿಲ್ಲುವ ಜಾಗ ಬದಲಾದುದರಿಂದ ಕುದುರೆಗಳಿಗೆ ಗೊಂದಲ. ಊರು ತನ್ನನ್ನು ನೆನಪಿಟ್ಟುಕೊಳ್ಳುವುದು ಹೊಗಳಿಕೆಯಿಂದಲ್ಲ, ದೂರುಗಳಿಂದ ಎಂದು ನನಗನ್ನಿಸಿತು. ಚರಂಡಿ ಕಟ್ಟಿಕೊಂಡಿದೆ ಎಂದು ಬರೆದವನಿಗೆ ಆ ಬೀದಿಯ ಮೇಲೆ ಎಷ್ಟು ಅಕ್ಕರೆ ಇದ್ದಿರಬೇಕು! ಸುಣ್ಣ ಹಚ್ಚುವಾಗ ಹಳೆಯ ಪತ್ರಿಕೆಗಳನ್ನು ಕಪಾಟಿಗೆ ಹಾಸುತ್ತಾರಲ್ಲ ಎಂದು ಪರಿಚಯದ ಮನೆಗಳಿಗೂ ಹೋದೆ. ಸಕ್ಕರೆ ಡಬ್ಬಿಯ ಅಡಿ, ದೇವರ ಗೂಡಿನಲ್ಲಿ ಹುಡುಕಿದೆ. ಮನೆಯಾಕೆಯರು ನಗುತ್ತಲೇ ಡಬ್ಬಿ ಎತ್ತಿ ಕೊಟ್ಟರು. ಐದು ದಿನ ಕಳೆಯಿತು. ನಮಗೆ ಬೇಕಾದದ್ದು ಸಿಗಲಿಲ್ಲ.

ಆರನೆಯ ದಿನ ಗೌಸ್ ಸಾಬರು ಹಣೆ ಬಡಿದುಕೊಂಡರು. "ಅರೆ! ಕುಂಸಿ ಅಮ್ಮನಿಗೆ ಒಂದು ಕೊಟ್ಟಿದ್ನಲ್ಲ ಸಾರ್!" ಮರುದಿನವೇ ಕುಂಸಿಗೆ ಹೋದೆವು. ಹಾಲಮ್ಮ ಈಗ ಭದ್ರಾವತಿಯ ಜನ್ನಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದರು ಅಲ್ಲಿಯವರು. ಗೌಸ್ ಸಾಬರಿಗೆ ಡ್ಯೂಟಿಯಿತ್ತು. ಮೆಹರುವನ್ನು ಕರೆದುಕೊಂಡು ನಾನು ಜನ್ನಾಪುರಕ್ಕೆ ಹೋದೆ.

ಹಾಲಮ್ಮ ಬಾಗಿಲಲ್ಲೇ ಕೂತು ಅವರೆಕಾಳು ಬಿಡಿಸುತ್ತಿದ್ದರು. ವಿಷಯ ಹೇಳಿದೆವು. ಆಕೆ ಮೆಹರುವಿನ ಗಲ್ಲ ಹಿಡಿದು ಹೊರಳಿಸಿ ನೋಡಿದರು. "ಇವ್ಳೇನಾ? ಹುಟ್ಟಿದಾಗ ಹಿಡಿಯಷ್ಟಿದ್ಲು. ಅಳೋದು ಮಾತ್ರ ಬಸ್ ಹಾರನ್ನಿನಂಗೆ!" ಆಮೇಲೆ ನನ್ನತ್ತ ತಿರುಗಿ, "ನೀವು ಹುಣಸೆಮರದೋರಲ್ವ?" ಎಂದರು.

ಒಳಗೆ ಕರೆದುಕೊಂಡು ಹೋಗಿ ಒಂದು ತಗಡಿನ ಟ್ರಂಕು ತೆರೆದರು. ಒಂದೊಂದೇ ಸೀರೆ ಹೊರಗೆ ಬಂತು. ಎಲ್ಲಕ್ಕಿಂತ ಕೆಳಗೆ ಹಳದಿಯಾಗಿ, ಮಡಿಕೆ ಮುರಿಯದೆ, ತಾರೀಖಿನ ಸಮೇತ ಪತ್ರಿಕೆಯ ಇಡೀ ಹಾಳೆ ಇತ್ತು. ಮೆಹರು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

"ನನ್ಗೆ ಓದಾಕೆ ಬರಲ್ಲ ಮೇಷ್ಟ್ರೇ. ಇಷ್ಟು ವರ್ಷ ಯಾರಿಗೂ ತೋರ್ಸಿಲ್ಲ, ಮೆರೀತಾಳೆ ಅಂದಾರು ಅಂತ. ಇವತ್ತು ನೀವೇ ಓದ್ರಿ. ನನ್ನ ಹೆಸ್ರು ಎಲ್ಲಿ ಬಂದದೆ, ಬೆಟ್ಟು ಇಟ್ಟು ತೋರ್ಸಿ."

ಆ ಆರು ಸಾಲಿನಷ್ಟು ಉದ್ದವೆನಿಸಿದ ಸುದ್ದಿಯನ್ನು ನಾನು ಹಿಂದೆಂದೂ ಓದಿರಲಿಲ್ಲ, ಮುಂದೂ ಓದಲಾರೆ. ಗೌಸ್ ಸಾಬರನ್ನು ದಾಟಿದೆ, ತಾಯಿ ಮಗುವನ್ನು ದಾಟಿದೆ. 'ಸಹಪ್ರಯಾಣಿಕರಾದ' ಎಂಬಲ್ಲಿಗೆ ಬಂದಾಗ ನನ್ನ ಬೆರಳು ನಿಂತಿತು. "ಸಹಪ್ರಯಾಣಿಕರಾದ ಕುಂಸಿಯ ಹಾಲಮ್ಮನವರು ಸಮಯಸ್ಫೂರ್ತಿ ತೋರಿದರು" ಎಂದು ಓದಿದೆ. ಹಾಲಮ್ಮ ನನ್ನ ಬೆರಳಿದ್ದ ಜಾಗವನ್ನು ತಾವೂ ಒಮ್ಮೆ ಮುಟ್ಟಿದರು. ನನ್ನ ಭುಜದ ಬಳಿ ನಿಂತಿದ್ದ ಮೆಹರುವಿಗೆ ಓದಲು ಚೆನ್ನಾಗಿ ಬರುತ್ತಿತ್ತು. ಅವಳು ಕೆಳಗೆ ಕೂತು ಹೊರಗಿದ್ದ ಸೀರೆಗಳನ್ನು ಮಡಿಸತೊಡಗಿದಳು.

"ತಗಂಡೋಗಿ. ಕೆಲ್ಸ ಆದ್ಮೇಲೆ ವಾಪಸ್ ತರ್ಬೇಕು, ಹೂಂ? ಹೆಸ್ರಿರೋ ಕಾಗ್ದ" ಎಂದರು ಹಾಲಮ್ಮ. ಮರುದಿನ ವಕೀಲರ ಬಳಿ ಬಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತುತ್ತೇನೆಂದೂ ಒಪ್ಪಿದರು.

ಮೆಹರುವೂ ನಾನೂ ಭದ್ರಾ ಸೇತುವೆಯವರೆಗೆ ನಡೆದು ಬಂದೆವು. ಆಮೇಲೆ, "ಸಾರ್, ಅದ್ರಲ್ಲಿ ಅವ್ರ ಹೆಸರಿಲ್ಲ" ಎಂದಳು.

"ಇಲ್ಲಮ್ಮ."

"ಬರ್ದೋರು ನೀವೇ ಅಲ್ವಾ ಸಾರ್?"

"ನಾನೇ."

"ಹಾಗಾದ್ರೆ ಇನ್ನೊಂದು ಸಲ ಬರೀರಿ" ಎಂದಳು. ತರಬೇತಿಗೆ ಸೇರುವ ಮೊದಲೇ ಟೀಚರ್ ಆಗಿಬಿಟ್ಟಿದ್ದಳು ಹುಡುಗಿ.

ಪುಟ್ಟಯ್ಯನವರ ಎದುರು ಕೂತು ಬರೆದೆ. ಈ ಸಲ ಮರದ ವಿಷಯ ಎತ್ತಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ಓದಿದರು. "ಹದಿನೇಳು ವರ್ಷಕ್ಕೆ ತಿದ್ದುಪಡೀನಾ, ಮಾರಾಯ? ಜನ ನಗ್ತಾರೆ." ಹಾಗೆಂದವರೇ ಅಚ್ಚುಮೊಳೆಗಳ ಪೆಟ್ಟಿಗೆಯ ಕಡೆ ಹೊರಳಿ, "ನಗ್ಲಿ ಬಿಡು" ಎಂದು ಜೋಡಿಸತೊಡಗಿದರು. 'ಹಿಂದೆ ನಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಬಸ್ಸಿನ ಹೆರಿಗೆಯ ಸುದ್ದಿಯಲ್ಲಿ, ಹೆರಿಗೆ ಮಾಡಿಸಿದ ಕುಂಸಿಯ ಹಾಲಮ್ಮನವರ ಹೆಸರು ಬಿಟ್ಟುಹೋಗಿತ್ತು. ತಪ್ಪು ಬರೆದವರದು. ಸಮಯಸ್ಫೂರ್ತಿ ಹಾಲಮ್ಮನವರದು.'

ಆ ತಿಂಗಳ ಕೊನೆಯಲ್ಲಿ ಮೆಹರುವಿಗೆ ತರಬೇತಿಗೆ ಸೇರಿಕೊಳ್ಳಲು ಕಾಗದ ಬಂತು. ಹೊರಡುವ ಮುಂಚೆ ಅವಳು ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಹಿಡಿದುಕೊಂಡು ಜನ್ನಾಪುರಕ್ಕೆ ಹೋದಳು; ನಾನೂ ಜೊತೆಗಿದ್ದೆ. ಹೊಸದನ್ನು ಅವಳೇ ಓದಿದಳು. 'ಬಿಟ್ಟುಹೋಗಿತ್ತು' ಎಂಬಲ್ಲಿ ತಡವರಿಸದೆ, 'ಬಂದಿತ್ತು, ಈಗ ಮತ್ತೆ ಹಾಕಿದ್ದೇವೆ' ಎಂದು ಓದಿಕೊಂಡು ಹೋದಳು.

"ಒಂದೇ ಹೆರಿಗೆಗೆ ಎರಡು ಸಲ ಹೆಸ್ರು ಹಾಕಿದ್ರಾ?" ಎಂದರು ಹಾಲಮ್ಮ. "ಪಾಪ, ಒಳ್ಳೇ ಜನ."

ಟ್ರಂಕಿನಿಂದ ಸೀರೆಗಳನ್ನೆಲ್ಲ ಹೊರಗೆ ತೆಗೆದರು. ಹಳೆಯ ಹಾಳೆಯನ್ನು ತಳಕ್ಕೆ ಹಾಸಿ, ಅದರ ಮೇಲೆ ಹೊಸ ಹಾಳೆಯನ್ನು ಹಾಸಿ, ಸೀರೆಗಳನ್ನು ಮತ್ತೆ ಒಂದೊಂದಾಗಿ ಜೋಡಿಸಿದರು. ಆಮೇಲೆ ನಮಗೆ ಅವರೆಕಾಳಿನ ಉಪ್ಪಿಟ್ಟು ಮಾಡಿಕೊಟ್ಟರು.