ಹೆಸರಿಡುವ ಮುನ್ನ ಕಳೆದುಹೋದವು

ಮಗು ತೀರಿಕೊಂಡ ಮೇಲೆ ನಾನು ಮೊದಲು ಕೈಗೆತ್ತಿಕೊಂಡ ಕೆಲಸ, ಮಕ್ಕಳ ವಿಜ್ಞಾನ ಪತ್ರಿಕೆಯೊಂದಕ್ಕೆ ಒಪ್ಪಿಕೊಂಡಿದ್ದ ಲೇಖನ. ನೆಪ್ಚೂನಿನ ಆಚೆ ಸುತ್ತುವ ಪುಟ್ಟ ಲೋಕಗಳಿಗೆ ಖಗೋಳಜ್ಞರು ಹೇಗೆ ಹೆಸರಿಡುತ್ತಾರೆ, ಯಾವುದನ್ನು ಯಾವ ಗುಂಪಿಗೆ ಸೇರಿಸುತ್ತಾರೆ ಎಂಬುದು ವಿಷಯ. ಒಪ್ಪಿಕೊಂಡಾಗ ನಾನು ಬಸುರಿ. ಹೆರಿಗೆಗೆ ಮುಂಚೆ ಬರೆದು ಮುಗಿಸುತ್ತೇನೆ ಅಂದುಕೊಂಡಿದ್ದೆ. ಮಗಳು ಅವಸರ ಮಾಡಿದಳು. ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ವಾರವೂ ಉಳಿಯಲಿಲ್ಲ.

ಅವಳ ಕಾಲಿಗೆ ಸುತ್ತಿದ್ದ ಪಟ್ಟಿಯ ಮೇಲೆ ಇದ್ದದ್ದು ನನ್ನ ಹೆಸರು. ಇಂಥವಳ ಮಗು ಎಂದಷ್ಟೇ. ನರ್ಸುಗಳು ಹಾಗೇ ಕರೆಯುತ್ತಿದ್ದರು. ನಾಮಕರಣಕ್ಕೆ ಇನ್ನೂ ದಿನವಿತ್ತು. ನನ್ನ ಗಂಡನಿಗೆ ಒಂದು ಹೆಸರು ಇಷ್ಟ, ನನಗೊಂದು. ಬಸುರಿನುದ್ದಕ್ಕೂ ಅದೇ ನಮ್ಮ ಸಣ್ಣ ಜಗಳವಾಗಿತ್ತು. ಮಣ್ಣು ಮಾಡಿ ಮನೆಗೆ ಬಂದಾಗ, ಬಾಣಂತನಕ್ಕೆಂದು ತುಮಕೂರು ಕಡೆಯ ಹಳ್ಳಿಯಿಂದ ಬಂದಿದ್ದ ಅತ್ತೆ, "ಎಸ್ರು ಇಕ್ಕಿರ್ನಿಲ್ವಲ್ಲ, ಅದೇ ವಾಸಿ. ಇಕ್ಕಿದ್ರೆ ಕರ್ಕೊಂಡು ಅಳ್ತಾ ಕೂತಿರ್ತಿದ್ರಿ" ಎಂದರು. ಆ ಮಾತನ್ನು ನನಗೆ ಕ್ಷಮಿಸಲಾಗಲಿಲ್ಲ. ಅವರು ಕಾಯಿಸಿಕೊಟ್ಟ ನೀರಲ್ಲಿ ಮಿಂದೆ, ಬಡಿಸಿದ್ದನ್ನು ತಿಂದೆ, ಮಾತು ಮಾತ್ರ ಬಿಟ್ಟೆ.

ನಮ್ಮದು ರಾಜಗೋಪಾಲನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗೆ ತಗಡು ಒತ್ತುವ ಪ್ರೆಸ್ ಮಷೀನುಗಳ ಶೆಡ್ಡು. ವಾರವಿಡೀ ನೆಲ ಅದುರುತ್ತಿರುತ್ತದೆ. ಒಂದು ಭಾನುವಾರ ಶೆಡ್ಡಿಗೆ ರಜೆ. ಪೀಣ್ಯದ ಟೂಲ್ ರೂಮಿನಲ್ಲಿ ಕೆಲಸ ಮಾಡುವ ಗಂಡನೂ ಮನೆಯಲ್ಲಿದ್ದರು. ಅತ್ತೆ ಬಾಗಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಲ್ಯಾಪ್‌ಟಾಪ್ ತೆರೆದು ಸುಮ್ಮನೆ ಕೂತಿದ್ದೆ.

"ಎಲ್ಲೀವರ್ಗೂ ಬರ್ದಿದೀಯ, ಓದು" ಎಂದರು ಗಂಡ. ನಾನು ಮಾತಾಡಲಿ ಎಂಬುದಷ್ಟೇ ಅವರ ಆಸೆ ಎಂದು ಗೊತ್ತಾಯಿತು.

ಓದಿದೆ. ನೆಪ್ಚೂನ್ ಮೂರು ಸುತ್ತು ಮುಗಿಸುವಷ್ಟರಲ್ಲಿ ಪ್ಲೂಟೋದಂತೆ ಸರಿಯಾಗಿ ಎರಡು ಸುತ್ತು ಹಾಕುವವಕ್ಕೆ ಪಾತಾಳದ ದೇವತೆಗಳ ಹೆಸರಿಡುವುದು ರೂಢಿ. ಆ ಲೆಕ್ಕಕ್ಕೆ ಸಿಗದೆ ತಮ್ಮ ಪಾಡಿಗೆ ದೂರದಲ್ಲಿ ಸುತ್ತುವ ಹಲವಕ್ಕೆ ಸೃಷ್ಟಿಯ ದೇವತೆಗಳ ಹೆಸರು. ಆದರೆ ಕಂಡ ಕೂಡಲೇ ಯಾವುದಕ್ಕೂ ಹೆಸರಿಲ್ಲ. ಕಂಡ ವರ್ಷ, ಜೊತೆಗೆ ಕೆಲವು ಅಕ್ಷರ, ಅಂಕಿ. ಸದ್ಯಕ್ಕೆ ಅಷ್ಟೇ ಗುರುತು. ವರ್ಷಗಟ್ಟಲೆ ನೋಡಿ, ಅದು ಓಡಾಡುವ ದಾರಿ ಖಚಿತವಾದ ಮೇಲೆ ಒಂದು ಸಂಖ್ಯೆ. ಆಮೇಲೆ ಹೆಸರು.

"ದಾರಿ ಗೊತ್ತಾಗೋಕ್ ಮುಂಚೆ ಕಳ್ದೋದ್ರೆ?" ಎಂದು ಗಂಡ ಕೇಳಿದರು. ಕೇಳಿದ ಮೇಲೆ ಅವರ ಮುಖ ಬಾಡಿತು.

"ಕಳೆದುಹೋದವು ಅಂತಾರೆ. ಸ್ವಲ್ಪ ದಿನ ಕಂಡು ಮತ್ತೆ ಸಿಗದೇ ಇರೋವು. ಹೆಸರಿಡಲ್ಲ."

ಅವರೆಕಾಯಿ ಸುಲಿಯುವ ಸದ್ದು ನಿಂತಿತು. "ಇದ್ದಿದ್ದಂತೂ ದಿಟ ತಾನೆ?" ಎಂದರು ಅತ್ತೆ. "ಕಂಡೋರು ಕಂಡಿದ್ರಲ್ಲ?"

"ಹೂಂ ಅತ್ತೆ." ಎಷ್ಟೋ ದಿನಗಳ ಮೇಲೆ ಅವರಿಗೆ ನಾನು ಕೊಟ್ಟ ನೇರ ಉತ್ತರ ಅದು.

ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಇವನ್ಗಿಂತ ಮುಂಚೆ ನಂಗೊಂದು ಎಣ್ಣು ಮಗ ಆಗಿತ್ತು ಕಣವ್ವ. ತೊಟ್ಲಿಗೂ ಆಕ್ಲಿಲ್ಲ, ಓಗ್ಬುಡ್ತು. ನಮ್ಮತ್ತೆ ಇಂಗೇ ಏಳಿದ್ರು, ಎಸ್ರು ಇಕ್ಕಿಲ್ಲ, ಮರ್ತ್‌ಬುಡು ಅಂತ. ನಂಗೆ ಬೇರೆ ಮಾತು ಗೊತ್ತಿರ್ನಿಲ್ಲ. ಅದ್ನೇ ನಿಂಗೂ ಅಂದೆ."

"ಮರೆತ್ರಾ?"

"ಎಲ್ಲಿ ಮರ್ಯದು. ಒಲೆ ಮುಂದೆ ಕುಂತಾಗ ಒಬ್ಳೇ ಕರೀತಿದ್ದೆ. ಒಂದು ಎಸ್ರು ಇಕ್ಕೊಂಡಿದ್ದೆ. ಯಾರಿಗೂ ಏಳ್ನಿಲ್ಲ, ನಿಮ್ಮ್ ಮಾವನಿಗೂವೆ."

ಆ ಹೆಸರನ್ನು ಅವರು ಮೆಲ್ಲಗೆ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. ನನ್ನ ಗಂಡ ಗೋಡೆಗೊರಗಿ ನಿಂತೇ ಇದ್ದರು. ತಮಗೊಬ್ಬ ಅಕ್ಕ ಇದ್ದಳೆಂದು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

"ಹೆಂಗಿದ್ಲಮ್ಮ ಅವ್ಳು?" ಎಂದು ಕೇಳಿದರು.

"ನಿನ್ನಂಗೇ. ಕಿವಿ ದೊಡ್ಡವು."

ಲೇಖನ ಮುಗಿಸಿ ಕಳಿಸಿದೆ. ಕಳೆದುಹೋದವುಗಳ ಕುರಿತ ಪ್ಯಾರಾ ಅಚ್ಚಿನಲ್ಲಿ ಇರಲಿಲ್ಲ. ಜಾಗ ಸಾಲಲಿಲ್ಲ, ಮಕ್ಕಳಿಗೆ ಸ್ವಲ್ಪ ಭಾರವೂ ಆಯಿತು ಎಂದರು ಸಂಪಾದಕರು. ನಾನು ವಾದಿಸಲಿಲ್ಲ.

ಮಗಳ ಹೆಸರಿನ ಜಗಳ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನನ್ನ ಗಂಡ ತಮಗಿಷ್ಟವಾದ ಹೆಸರಲ್ಲಿ ಅವಳ ಮಾತೆತ್ತುತ್ತಾರೆ, ನಾನು ನನ್ನದರಲ್ಲಿ. ಅತ್ತೆ ಊರಿಂದ ಫೋನ್ ಮಾಡಿದಾಗ, ಯಾರು ಫೋನ್ ಎತ್ತಿಕೊಂಡರೋ ಅವರಿಗಿಷ್ಟವಾದ ಹೆಸರಲ್ಲೇ ಮೊಮ್ಮಗಳ ಮಾತೆತ್ತುತ್ತಾರೆ.